ಗುಜರಿ ಅಂಗಡಿ, ಚೀಟಿ ಮತ್ತು ನಮ್ಮತ್ತೆ

ತುಮಕೂರಿನಲ್ಲಿ ಹಳೇ ಸಾಮಾನು ಹುಡುಕಲು ಹೊರಟವರಿಗೆ ಒಂದು ಕಷ್ಟ ಇದೆ. ಎಲ್ಲವೂ ಒಂದೇ ಸೂರಿನಡಿ ಸಿಗುವ ಅಂಗಡಿ ನನಗಂತೂ ಇಲ್ಲಿ ಕಾಣಲಿಲ್ಲ. ಪಾತ್ರೆ ಬೇಕಾದರೆ ಗುಜರಿಗೆ ಹೋಗಬೇಕು. ಮಂಚ, ಮೇಜು ಬೇಕಾದರೆ ಕಾಲೇಜು ಹುಡುಗರು ರೂಮು ಖಾಲಿ ಮಾಡುವ ಕಾಲಕ್ಕೆ ಕಾಯಬೇಕು. ಪುಸ್ತಕಕ್ಕೆ ಬೇರೆ ದಾರಿ. ಇನ್ನು ಬಟ್ಟೆ ಅಂದರೆ ಜನ ಮುಖಮುಖ ನೋಡುತ್ತಾರೆ. ಅಕ್ಕನ ಲಂಗ ತಂಗಿಗೆ ಬಂದರೆ ಅದು ಮನೆಯೊಳಗಿನ ಮಾತು. ಗುರುತಿಲ್ಲದವರು ಉಟ್ಟಿದ್ದನ್ನು ದುಡ್ಡು ಕೊಟ್ಟು ತರುವುದು ಅಂದರೆ ಬೇರೆಯೇ ಮಾತು.

ನಮ್ಮ ಮನೆ ಶೆಟ್ಟಿಹಳ್ಳಿ ಕಡೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಾಕುತ್ತೇನೆ. ನಮ್ಮ ಮನೆಯವರಿಗೆ ವಸಂತನರಸಾಪುರದ ಕಡೆ ಕಾರ್ಖಾನೆ ಕೆಲಸ. ಅವರ ಓ.ಟಿ. ನಿಂತಿತು. ಅದೇ ವರ್ಷ ಮಗ ಪಿಯುಸಿಗೆ ಸೇರಿದ. ಎರಡೂ ಒಟ್ಟಿಗೆ ಬಂದಾಗ ಖರ್ಚಿನ ಪುಸ್ತಕ ಬಿಚ್ಚಲೇಬೇಕಾಯಿತು. ಅಕ್ಕಿ, ಬೇಳೆ, ಗ್ಯಾಸು, ಫೀಸು, ಅತ್ತೆಯ ಬಿ.ಪಿ. ಮಾತ್ರೆ ಇವುಗಳಲ್ಲಿ ಎಳೆಯೋಕೆ ಏನೂ ಇರಲಿಲ್ಲ. ಉಳಿದಿದ್ದು ‘ಇತರೆ’ ಅಂತ ಬರೆಯುತ್ತಿದ್ದ ಸಾಲು. ಡಬ್ಬ, ಬೆಡ್‌ಶೀಟು, ಪರದೆ, ಮಗನ ಓದುವ ಮೇಜು, ಫೋನು. ದುಡ್ಡು ಸೋರುತ್ತಿದ್ದದ್ದು ಅಲ್ಲೇ.

ದಾರಿ ತೋರಿಸಿದ್ದು ನಮ್ಮಕ್ಕನ ಮಗಳು. ಅವಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಒಂದು ದಪ್ಪ ಉಣ್ಣೆ ಕೋಟು ಹಾಕಿಕೊಂಡು ಫೋಟೋ ಕಳಿಸಿದ್ದಳು. ಎಷ್ಟೇ ಇದು ಅಂತ ಕೇಳಿದರೆ, “ಚಾರಿಟಿ ಶಾಪಲ್ಲಿ ತಗೊಂಡೆ ಚಿಕ್ಕಮ್ಮ, ಆರು ಪೌಂಡು” ಅಂದಳು. ಯಾರೋ ಬಿಟ್ಟ ಕೋಟಾ ಅಂತ ನಾನು ಕೇಳಿದ್ದಕ್ಕೆ ನಕ್ಕುಬಿಟ್ಟಳು. ಅಲ್ಲಿ ಬೀದಿಬೀದಿಗೆ ಅಂಥ ಅಂಗಡಿ ಇವೆಯಂತೆ. ಜನ ತಮಗೆ ಬೇಡದ ಸಾಮಾನನ್ನು ಪುಕ್ಕಟೆ ಕೊಡುತ್ತಾರೆ. ಸಂಬಳ ಇಲ್ಲದೆ ಬಂದು ಕೂರುವವರು ಅದನ್ನು ವಿಂಗಡಿಸಿ ಮಾರುತ್ತಾರೆ. ಲಾಭ ಸೇವಾಕೆಲಸಕ್ಕೆ ಹೋಗುತ್ತದೆ. ಆಕ್ಸ್‌ಫ್ಯಾಮ್ ಅಂತ ಒಂದು ಸಂಸ್ಥೆ ಇದೆಯಲ್ಲ, ಅದು 1942ರಲ್ಲಿ ಶುರುವಾಗಿದ್ದೇ ಯುದ್ಧದ ಕಾಲದಲ್ಲಿ ಹಸಿದಿದ್ದ ಗ್ರೀಸ್ ದೇಶದ ಜನರಿಗೆ ಆಹಾರ ಮುಟ್ಟಿಸಬೇಕು ಅಂತ. ಆಮೇಲೆ ಜನ ಕೊಟ್ಟ ಬಟ್ಟೆಬರೆ ರಾಶಿ ಬಿತ್ತು. ಅದನ್ನು ಮಾರಲು 1948ರಲ್ಲಿ ಆಕ್ಸ್‌ಫರ್ಡಿನ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದರು. ಅಕ್ಕನ ಮಗಳು ಇನ್ನೊಂದು ಗುಟ್ಟು ಹೇಳಿದಳು: “ಸಾಹುಕಾರರು ಇರೋ ಏರಿಯಾ ಅಂಗಡಿಗೆ ಹೋಗ್ಬೇಕು ಚಿಕ್ಕಮ್ಮ. ಅವರು ಬಿಡೋ ಸಾಮಾನೇ ಬೇರೆ.”

ಈ ಮಾತು ನನ್ನ ತಲೆಯಲ್ಲಿ ಕೂತಿತು. ತುಮಕೂರಿನಲ್ಲೂ ಸಾಹುಕಾರರು ಸಾಮಾನು ಬಿಡುತ್ತಾರೆ. ಅದು ಎಲ್ಲಿಗೆ ಹೋಗುತ್ತದೆ ಅಂತ ಹಿಂದೆ ಬಿದ್ದರೆ ಸಾಕು ಅಲ್ವಾ?

ಹೊರಡುವ ಮೊದಲು ಒಂದು ಚೀಟಿ ಮಾಡಿದೆ. ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ, ಮನೆಗೆ ಏನೇನು ಬೇಕು ಅಂತ. ಬರೆದದ್ದನ್ನು ತಕ್ಷಣ ಕೊಳ್ಳಬಾರದು. ಒಂದು ಸಂಬಳ ಬಂದು ಇನ್ನೊಂದು ಸಂಬಳ ಬರುವವರೆಗೆ ಅದು ಚೀಟಿಯಲ್ಲೇ ಇರಬೇಕು. ಆಮೇಲೂ ಬೇಕು ಅನ್ನಿಸಿದರೆ ಹುಡುಕಬೇಕು. ಇಷ್ಟೇ ನಿಯಮ. ನಮ್ಮ ಮನೆಯವರು ‘ಗೋಡೆ ಗಡಿಯಾರ’ ಅಂತ ಬರೆದರು. ಮಗ ‘ಬ್ಲೂಟೂತ್ ಸ್ಪೀಕರ್’ ಅಂತ ಬರೆದ. ಮುಂದಿನ ಸಂಬಳ ಬರುವ ಹೊತ್ತಿಗೆ ಗಡಿಯಾರ ಬೇಕು ಅಂದವರಿಗೇ ಅದು ಮರೆತುಹೋಗಿತ್ತು. ಸ್ಪೀಕರ್ ಅಂತ ಬರೆದದ್ದಕ್ಕೆ ಮಗನೇ ಗೀಟು ಹಾಕಿದ. ನಿಜ ಹೇಳಬೇಕೆಂದರೆ ಜಾಸ್ತಿ ಉಳಿತಾಯ ಆದದ್ದು ಈ ಚೀಟಿಯಲ್ಲೇ. ಗುಜರಿಯಲ್ಲಿ ಎಷ್ಟೇ ಅಗ್ಗಕ್ಕೆ ತಂದರೂ, ಚೀಟಿಯಲ್ಲಿ ಇಲ್ಲದ ಸಾಮಾನು ಮನೆಗೆ ಬಂದರೆ ಅದು ಖರ್ಚೇ.

ಮೊದಲು ಪಾತ್ರೆಯ ವಿಷಯ. ಗುಜರಿ ಅಂಗಡಿ ಅಂದರೆ ಎಲ್ಲರೂ ಹಾಕುವ ಜಾಗ, ಕೊಳ್ಳುವ ಜಾಗ ಅಲ್ಲ ಅಂದುಕೊಂಡಿರುತ್ತೇವೆ. ಹಾಗೇನಿಲ್ಲ. ಅವರು ತೂಕಕ್ಕೆ ತಗೊಂಡು, ತೂಕಕ್ಕೇ ದೊಡ್ಡ ವ್ಯಾಪಾರಿಗೆ ಕಳಿಸುತ್ತಾರೆ. ಅಲ್ಲಿಂದ ಅದು ಕರಗಲು ಹೋಗುತ್ತದೆ. ನಡುವೆ ಯಾರಾದರೂ ಬಂದು, ಕರಗಿಸುವ ಬೆಲೆಗಿಂತ ಸ್ವಲ್ಪ ಜಾಸ್ತಿ ಕೊಟ್ಟು ಒಯ್ದರೆ ಅವರಿಗೆ ಲಾಭವೇ. ಹಾಗಾಗಿ ಈ ಪಾತ್ರೆ ಎಷ್ಟು ಅಂತ ಕೇಳುವುದಕ್ಕಿಂತ, “ಇವತ್ತು ಹಿತ್ತಾಳೆ ರೇಟ್ ಎಷ್ಟು ಯಜಮಾನ್ರೇ?” ಅಂತ ಕೇಳಬೇಕು. ಆ ರೇಟು ಗೊತ್ತಾದರೆ ಅವರು ಎಲ್ಲಿಯವರೆಗೆ ಇಳಿಯಬಹುದು ಅನ್ನುವುದು ಗೊತ್ತಾಗುತ್ತದೆ. ಕೇಳುವ ಧಾಟಿಯಲ್ಲೇ ಅವರಿಗೂ ಈ ಹೆಂಗಸಿಗೆ ವ್ಯವಹಾರ ಗೊತ್ತು ಅನ್ನಿಸುತ್ತದೆ.

ಕಾಲ ನೋಡಿ ಹೋಗಬೇಕು. ಯುಗಾದಿಗೆ ಮೊದಲು, ಆಯುಧಪೂಜೆ ಹೊತ್ತಿಗೆ, ದೀಪಾವಳಿಗೆ ಎಲ್ಲ ಮನೆಯಲ್ಲೂ ಅಟ್ಟ ಇಳಿಸುತ್ತಾರೆ. ಆಗ ಗುಜರಿ ತುಂಬುತ್ತದೆ. ಹಳೇ ಮನೆ ಕೆಡವುವ ಕಡೆಯಿಂದ ಬರುವ ಸಾಮಾನು ಇನ್ನೂ ಚೆನ್ನಾಗಿರುತ್ತದೆ. ನಾನು ಹೋಗುವ ಅಂಗಡಿಯ ಯಜಮಾನರು ಈಗ ನನಗೇ ಹೇಳಿ ಕಳಿಸುತ್ತಾರೆ: “ಅಮ್ಮಾ, ಹಳೇ ಮನೆ ಮಾಲು ಬಂದೈತೆ, ಬಂದು ನೋಡ್ಕೊಂಡು ಹೋಗಿ.”

ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ. ಯಾವುದೋ ಹಾಳಾದ ಹಳೇ ಸ್ಪೀಕರಿನಿಂದ ಮಗ ಬಿಚ್ಚಿ ಕೊಟ್ಟದ್ದು. ಹಿತ್ತಾಳೆ ಅಂತ ಹೊಳೆಯುವುದೆಲ್ಲ ಹಿತ್ತಾಳೆಯಲ್ಲ. ಕಬ್ಬಿಣಕ್ಕೆ ಬಣ್ಣದ ಲೇಪ ಹಾಕಿದ್ದಿದ್ದರೆ ಅಯಸ್ಕಾಂತ ಕಚ್ಚುತ್ತದೆ. ಸ್ಟೀಲಿಗೆ ಮಾತ್ರ ಇದನ್ನೇ ನಂಬಿ ಕೂರಬಾರದು. ಕಚ್ಚಲಿಲ್ಲ ಅಂದರೆ ಒಳ್ಳೇ ಸ್ಟೀಲು ಅಂತ ಅಂಗಡಿಯವರು ಹೇಳುತ್ತಾರೆ. ಆದರೆ ನಿಕಲ್ ಜಾಸ್ತಿ ಇರುವ 304 ಅನ್ನುವ ದರ್ಜೆಯ ಸ್ಟೀಲಿಗೂ ಅಯಸ್ಕಾಂತ ಅಷ್ಟಾಗಿ ಹಿಡಿಯಲ್ಲ, ಅಗ್ಗದ 202 ದರ್ಜೆಗೂ ಹಿಡಿಯಲ್ಲ. ಹಾಗಾಗಿ ಕೈಯಲ್ಲಿ ತೂಗಿ ನೋಡುತ್ತೇನೆ, ಅಂಚು ಮಡಿಚಿರುವುದು ನೋಡುತ್ತೇನೆ, ತಳದಲ್ಲಿ ತುಕ್ಕಿನ ಚುಕ್ಕೆ ಇದೆಯಾ ನೋಡುತ್ತೇನೆ. ಹಳೇ ಕಾಲದ ಸ್ಟೀಲು ದಪ್ಪ. ಈಗ ಹೊಸದಾಗಿ ಅದೇ ತೂಕದ ಡಬ್ಬ ಕೇಳಿದರೆ ಎರಡರಷ್ಟು ಬೆಲೆ. ಅಲ್ಯೂಮಿನಿಯಂ ಪಾತ್ರೆ ಮುಟ್ಟಲ್ಲ. ನಾನ್‌ಸ್ಟಿಕ್ ಗೀಚಿಹೋಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಅಲ್ಲಿ ಸಿಕ್ಕ ಒಳ್ಳೇ ಮಾಲು ಅಂದರೆ ಸ್ಟೀಲ್ ಡಬ್ಬಗಳ ಒಂದು ಸೆಟ್ಟು. ಒಂದರೊಳಗೊಂದು ಕೂರುವಂಥದು. ಮುಚ್ಚಳ ಬಿಗಿಯಾಗಿದೆ. ಜೊತೆಗೆ ಒಂದು ಹಿತ್ತಾಳೆ ಕೊಳಗ. ಎರಡೂ ಚೀಟಿಯಲ್ಲಿ ಇದ್ದವು. ಡಬ್ಬಕ್ಕೆ ‘ಕಾಳು ಹಾಕಲು’, ಕೊಳಗಕ್ಕೆ ‘ಹಬ್ಬಕ್ಕೆ, ನೆಂಟರು ಬಂದಾಗ’ ಅಂತ ನಾನೇ ಬರೆದಿದ್ದೆ. ಕಿಲೋ ಲೆಕ್ಕದಲ್ಲಿ ಡಬ್ಬ ಹೊಸದರ ಅರ್ಧಕ್ಕಿಂತ ಕಡಿಮೆಗೆ ಬಂತು.

ಮನೆಗೆ ತಂದು ಇಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಕೊಳಗ ತಿರುಗಿಸಿ ನೋಡಿದರು. ಕಂಠದ ಹತ್ತಿರ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆದಿತ್ತು. ಮದುವೆಗೆ ಯಾರೋ ಸೋದರಮಾವ ಕೊಟ್ಟ ಉಡುಗೊರೆ. ವಧು ವರರ ಹೆಸರು, ಊರು ಗುಬ್ಬಿ, ಇಸವಿ 1984.

“ಯಾರ ಮನೆ ಮದುವೆದೋ ಏನೋ. ಎಷ್ಟು ಕಷ್ಟ ಬಂದಿತ್ತೋ ಇದನ್ನ ಮಾರೋಕೆ. ಆ ಕಷ್ಟನೂ ತೂಕ ಹಾಕಿಸ್ಕೊಂಡು ಬಂದ್ಯಾ?” ಅಂದರು.

ನನಗೂ ಒಂದು ಥರ ಆಯಿತು. ಮುಂದಿನ ಸಲ ಹೋದಾಗ ಯಜಮಾನರನ್ನು ಕೇಳಿಯೇಬಿಟ್ಟೆ. ಅವರು ನಕ್ಕರು. “ಕಷ್ಟ ಎಲ್ಲಿ ಬಂತಮ್ಮ? ಮಗ ಹೊಸ ಮನೆ ಕಟ್ಟವ್ನೆ. ಮಾಡ್ಯುಲರ್ ಕಿಚನ್ನು. ಇವನ್ನೆಲ್ಲ ಇಡೋಕೆ ಜಾಗ ಇಲ್ಲ ಅಂತ ಆಟೋದಲ್ಲಿ ತುಂಬಿ ಕಳಿಸವ್ರೆ.” ಇದನ್ನು ಮನೆಗೆ ಬಂದು ಹೇಳಿದೆ. ಅತ್ತೆಗೆ ಸಮಾಧಾನ ಆಗುವ ಬದಲು ಸಿಟ್ಟು ಬಂತು. ತಾಯಿಯ ಮದುವೆ ಕೊಳಗ ಗುಜರಿಗೆ ಹಾಕುವ ಮಗ ಎಂಥವನು ಅಂತ ಇಡೀ ಸಂಜೆ ಬೈದರು. ಬೈಯುತ್ತಲೇ ಹುಣಸೆಹಣ್ಣು ನೆನೆಸಿ, ಕೊಳಗ ಉಜ್ಜಿ ಫಳಫಳ ಮಾಡಿದರು. ಹುಳಿ ಬಿದ್ದ ಮೇಲೆ ಲೋಹಕ್ಕೆ ಮೈಲಿಗೆ ಇಲ್ಲ ಅನ್ನುವುದು ಅವರ ಲೆಕ್ಕ. ಅಲ್ಲಿಂದ ಮುಂದೆ ಪಾತ್ರೆಯ ವಿಷಯದಲ್ಲಿ ಅವರಿಂದ ತಕರಾರು ಬರಲಿಲ್ಲ.

ಹಿತ್ತಾಳೆಯಲ್ಲಿ ಅಡುಗೆ ಮಾಡುವುದಾದರೆ ಕಲಾಯಿ ಹಾಕಿಸಬೇಕು. ಹುಳಿ, ಸಾರು ಇಟ್ಟರೆ ಕಿಲುಬು ಬಿಡುತ್ತದೆ. ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರ ಸವರಿ, ಬಟ್ಟೆಯಿಂದ ಒರೆಸುವ ಆ ಕೆಲಸ ಬಲ್ಲವರು ಈಗ ಕಡಿಮೆ. ಸಿಕ್ಕವರು ಕೇಳಿದಷ್ಟು ಕೊಡಬೇಕು. ಈ ಖರ್ಚನ್ನು ಪಾತ್ರೆಯ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಸೇರಿಸಿದ ಮೇಲೂ ನಮ್ಮ ಕೊಳಗ ಹೊಸದಕ್ಕಿಂತ ಅಗ್ಗವೇ ಆಯಿತು.

ಇನ್ನು ಮೇಜು, ಮಂಚ. ತುಮಕೂರು ಓದುವವರ ಊರು. ಸಿದ್ದಗಂಗಾ ತಾಂತ್ರಿಕ ವಿದ್ಯಾಲಯ (ಎಸ್.ಐ.ಟಿ.) 1963ರಿಂದ ಇದೆ, ವಿಶ್ವವಿದ್ಯಾಲಯ 2004ರಲ್ಲಿ ಆಯಿತು, ಮೆಡಿಕಲ್ ಕಾಲೇಜುಗಳಿವೆ. ಎಸ್.ಐ.ಟಿ. ಸುತ್ತಮುತ್ತ, ಬಟವಾಡಿ ಕಡೆ ಹುಡುಗರು ರೂಮು ಮಾಡಿಕೊಂಡಿರುತ್ತಾರೆ. ಕೊನೇ ಸೆಮಿಸ್ಟರ್ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಊರಿಗೆ ಹೊರಡುತ್ತಾರೆ. ಮೇಜು, ಕುರ್ಚಿ, ಕಬ್ಬಿಣದ ಮಂಚ, ಬಕೆಟ್ಟು, ಇಂಡಕ್ಷನ್ ಒಲೆ, ಬಟ್ಟೆ ಒಣಗಿಸುವ ಸ್ಟ್ಯಾಂಡು. ಯಾವುದನ್ನೂ ರೈಲಿನಲ್ಲಿ ಒಯ್ಯಲು ಆಗಲ್ಲ. ಮನೆ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಅಂತ ಕೂತಿರುತ್ತಾರೆ.

ಇಲ್ಲಿ ಜಗ್ಗಾಡುವ ಅಗತ್ಯವೇ ಇಲ್ಲ. “ಆಂಟಿ, ನಾಳೆ ಟ್ರೈನು, ನೀವೇ ಎಷ್ಟು ಅಂತ ಹೇಳಿ” ಅನ್ನುತ್ತಾರೆ. ಆಗ ನನಗೆ ಸಂಕಟ. ಗುಜರಿ ಯಜಮಾನರ ಹತ್ತಿರ ಹತ್ತು ರೂಪಾಯಿಗೆ ನಿಂತು ವಾದ ಮಾಡುವವಳು, ಮಗನ ವಯಸ್ಸಿನ ಹುಡುಗ ‘ನೀವೇ ಹೇಳಿ’ ಅಂದಾಗ ಬಾಯಿ ಕಟ್ಟಿಹೋಗುತ್ತದೆ. ಓದುವ ಮೇಜಿಗೆ 500 ಕೊಟ್ಟೆ. ಗಟ್ಟಿ ಮರದ್ದು. ಮೇಲೆಲ್ಲ ಪೆನ್ನಿನಲ್ಲಿ ಸರ್ಕಿಟ್ ಬರೆದು ತುಂಬಿಸಿದ್ದ. ಕುರ್ಚಿ ಸುಮ್ನೆ ಕೊಟ್ಟ. ತರಲು ಲಗೇಜ್ ಆಟೋದವರು 350 ಕೇಳಿದರು. ಮೇಜು ಅಗ್ಗ, ಆಟೋ ದುಬಾರಿ. ಅದಕ್ಕೇ ಈಗ ಪಕ್ಕದ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಇಬ್ಬರ ಸಾಮಾನು ಒಂದೇ ಆಟೋದಲ್ಲಿ ಬರುತ್ತದೆ.

ಮಂಚ ಕೊಳ್ಳುವಾಗ ಟಾರ್ಚು ಬೇಕೇ ಬೇಕು. ತಿಗಣೆ ಹಗಲು ಕಾಣಿಸಿಕೊಳ್ಳಲ್ಲ. ಮಂಚದ ಮೂಲೆ, ಸ್ಕ್ರೂ ತೂತು, ಪ್ಲೈವುಡ್ ಸಂದು, ಇಲ್ಲೆಲ್ಲ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಇದ್ದರೆ ಕೈ ಮುಗಿದು ವಾಪಸ್ ಬರಬೇಕು. ಹುಡುಗ ಎಷ್ಟೇ ಒಳ್ಳೆಯವನಾಗಿರಲಿ. ನಾವು ಕಬ್ಬಿಣದ ಮಂಚವನ್ನೇ ತಂದೆವು. ಅದನ್ನು ಅಂಗಳದಲ್ಲಿ ನಿಲ್ಲಿಸಿ, ಸಂದಿಸಂದಿಗೆ ಕುದಿಯುವ ನೀರು ಹುಯ್ದು, ಬಿಸಿಲಿಗೆ ಬಿಟ್ಟು ಆಮೇಲೆ ಒಳಗೆ ತಂದೆವು. ಹಾಸಿಗೆ, ದಿಂಬು ಮಾತ್ರ ಯಾರದೂ ಬೇಡ. ಅತ್ತೆಗೆ ಮಂಚದ ಮೇಲೆ ಇನ್ನೂ ಅನುಮಾನ ಇತ್ತು, ಯಾರು ಸತ್ತ ಮಂಚವೋ ಅಂತ. ಅದರ ಮೇಲೆ ಮಲಗುತ್ತಿದ್ದವನು ಈಗ ಪುಣೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಅಂತ ಹೇಳಿದ ಮೇಲೆ ಸುಮ್ಮನಾದರು. ಈಗ ಮಗ ಅದರ ಮೇಲೆ ಮಲಗಿದರೆ ಅವನಿಗೂ ಕೆಲಸ ಸಿಗುತ್ತದೆ ಅನ್ನುವ ನಂಬಿಕೆ ಬಂದಿದೆ.

ಪುಸ್ತಕದ ಮಾತು ಬೇಗ ಮುಗಿಸುತ್ತೇನೆ. ಪಿಯುಸಿ ವಿಜ್ಞಾನಕ್ಕೆ ಎನ್.ಸಿ.ಇ.ಆರ್.ಟಿ. ಪುಸ್ತಕಗಳು. 2022–23ರಲ್ಲಿ ಅದರ ಪಾಠಗಳನ್ನು ಕಡಿಮೆ ಮಾಡಿದರು. ಹಾಗಾಗಿ ಅದಕ್ಕಿಂತ ಹಿಂದೆ ಅಚ್ಚಾದ ಪುಸ್ತಕದಲ್ಲಿ ಬೇಕಾದ್ದಕ್ಕಿಂತ ಪಾಠ ಜಾಸ್ತಿ ಇರುತ್ತದೆ. ಮೇಷ್ಟ್ರನ್ನು ಕೇಳಿ, ಬೇಡದ ಪಾಠಕ್ಕೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡರೆ ಆಯಿತು. ಮಗ ಸೀನಿಯರ್ ಹುಡುಗನಿಂದ ಅರ್ಧ ಬೆಲೆಗೆ ತಂದ. ಸಿಗದಿದ್ದ ಎರಡು ಗೈಡುಗಳನ್ನು ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ತಂದೆವು. ಮೆಜೆಸ್ಟಿಕ್ಕಿನಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ.

ಮೋಟರ್ ಇರುವ ಸಾಮಾನಿನ ಹತ್ತಿರ ಮಾತ್ರ ನಾನು ಹೋಗಲ್ಲ. ನಮ್ಮ ಮನೆಯವರಿಗೆ ಅದರ ಮೇಲೇ ಆಸೆ. ಒಂದು ಹಳೇ ಸೀಲಿಂಗ್ ಫ್ಯಾನು 300ಕ್ಕೆ ಸಿಗುತ್ತದೆ ಅಂತ ಕುಣಿಯುತ್ತಿದ್ದರು. ಕೂತು ಲೆಕ್ಕ ಹಾಕಿದೆ. ಹಳೇ ಫ್ಯಾನು ಸುಮಾರು 75 ವಾಟು ಎಳೆಯುತ್ತದೆ. ಈಗಿನ ಕಡಿಮೆ ಕರೆಂಟಿನ ಬಿ.ಎಲ್.ಡಿ.ಸಿ. ಮೋಟರ್ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 16 ಯೂನಿಟ್ ವ್ಯತ್ಯಾಸ. ಗೃಹಜ್ಯೋತಿ ಇದೆಯಲ್ಲ ಅಂದರು. 200 ಯೂನಿಟ್ ಫ್ರೀ ಅಂತ ಬಾಯಲ್ಲಿ ಹೇಳುತ್ತೇವೆ ಅಷ್ಟೇ. ನಮ್ಮ ಮನೆಗೆ ಸಿಗುವುದು 2022–23ರಲ್ಲಿ ಬಳಸಿದ್ದರ ಸರಾಸರಿ, ಅದರ ಮೇಲೆ ಶೇ 10. ಅದು ದಾಟಿದ್ದಕ್ಕೆ ಬೆಸ್ಕಾಂನವರು ಬಿಲ್ ಕೊಡುತ್ತಾರೆ. 200 ದಾಟಿದರೆ ಪೂರ್ತಿ ಬಿಲ್. ನಮ್ಮದು ಆಗಲೇ ಗೆರೆಯ ಹತ್ತಿರ ನಿಂತಿತ್ತು. ಹಳೇ ಫ್ರಿಜ್ಜಿಗೂ ಇದೇ ಮಾತು. ಗ್ಯಾಸ್ ಒಲೆ ಹಳೇದಾದರೂ ಪರವಾಗಿಲ್ಲ, ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಮಾತ್ರ ಹೊಸದೇ ಆಗಬೇಕು. ಅದರ ಆಯಸ್ಸೇ ಐದು ವರ್ಷ.

ಫೋನು ಮಗನಿಗೆ ಹಳೇದೇ ತಂದೆವು. ದುಡ್ಡು ಕೊಡುವ ಮೊದಲು ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐ.ಎಂ.ಇ.ಐ. ನಂಬರ್ ತೆಗೆದೆವು. ಮೆಸೇಜಿನಲ್ಲಿ ಕೆ.ವೈ.ಎಂ. ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಕಳಿಸಿದರೆ ಯಾವ ಕಂಪನಿ, ಯಾವ ಮಾಡೆಲ್, ಬ್ಲಾಕ್ ಆಗಿದೆಯಾ ಅಂತ ಉತ್ತರ ಬರುತ್ತದೆ. ಕದ್ದ ಫೋನು ಕೊಂಡು ಸ್ಟೇಷನ್ ಮೆಟ್ಟಿಲು ಹತ್ತುವುದು ಯಾರಿಗೆ ಬೇಕು?

ಉಳಿದದ್ದು ಬಟ್ಟೆ. ನಾನು ಕುತೂಹಲದಿಂದ ಕಾದಿದ್ದೂ ಇದಕ್ಕೇ, ಹಿಂಜರಿದದ್ದೂ ಇದಕ್ಕೇ.

ಅಕ್ಕನ ಮಗಳು ಹೇಳಿದಂಥ ಅಂಗಡಿ ಬೆಂಗಳೂರಿನಲ್ಲಿ ಒಂದು ಇದೆ ಅಂತ ಬ್ಲೌಸ್ ಹೊಲಿಸಲು ಬರುವ ಒಬ್ಬ ಟೀಚರ್ ಹೇಳಿದರು. ಸೇವೆ ಮಾಡುವ ಹೆಂಗಸರು ನಡೆಸುವಂಥದು. ಹೋಗಿ ಬರುವ ಖರ್ಚು ಅಂತ ಲೆಕ್ಕ ಹಾಕಿದರೆ ಏನೂ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಕೆಂಪು ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ಬೆಂಗಳೂರಿನ ಒಳಗೆ ಬಿ.ಎಂ.ಟಿ.ಸಿ. ಸಾದಾ ಬಸ್ಸೂ ಹಾಗೇ. ಡಬ್ಬಿಯಲ್ಲಿ ಚಿತ್ರಾನ್ನ, ಬಾಟಲಿಯಲ್ಲಿ ಮಜ್ಜಿಗೆ. 70 ಕಿಲೋಮೀಟರ್ ಹೋಗಿ ಬರಲು ಕೈಯಿಂದ ಒಂದು ರೂಪಾಯಿ ಬಿಚ್ಚಲಿಲ್ಲ. ಇದು ಗಂಡಸರ ಕೈಲಿ ಆಗಲ್ಲ ಅಂತ ನಮ್ಮ ಮನೆಯವರಿಗೆ ಹೇಳಿಯೇ ಹೊರಟೆ.

ಅಂಗಡಿ ನಾನು ಅಂದುಕೊಂಡಂತೆ ಇರಲಿಲ್ಲ. ರಾಶಿ ಇಲ್ಲ, ವಾಸನೆ ಇಲ್ಲ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ಸಾಲಾಗಿ ನೇತುಹಾಕಿದ್ದರು. ಎಲ್ಲಕ್ಕೂ ಬೆಲೆ ಚೀಟಿ. ಹರಿದದ್ದು, ಕಲೆ ಇರುವುದು, ಒಳಉಡುಪು ಅವರು ತಗೊಳ್ಳುವುದೇ ಇಲ್ಲವಂತೆ. ಕೌಂಟರಿನಲ್ಲಿ ಇದ್ದವರು ನಮ್ಮತ್ತೆ ವಯಸ್ಸಿನವರು. ನನಗೆ ಒಂದು ಮಾತು ಕೊರೆಯುತ್ತಿತ್ತು. ಕೇಳಿದೆ: “ಅಮ್ಮಾ, ಇದು ಬಡವರಿಗೆ ಅಂತ ಕೊಟ್ಟಿದ್ದಲ್ವಾ? ನಾನು ತಗೊಂಡ್ರೆ ಅವರದ್ದು ಕಿತ್ಕೊಂಡ ಹಾಗೆ ಆಗಲ್ವಾ?”

“ಬಟ್ಟೆ ಬೇಕಾದಷ್ಟು ಇದೆ ಕಣಮ್ಮ. ನಮಗೆ ಬೇಕಿರೋದು ದುಡ್ಡು. ಮಕ್ಕಳ ಫೀಸು ಬಟ್ಟೇಲಿ ಕಟ್ಟೋಕಾಗುತ್ತಾ? ನೀನು ತಗೊಂಡ್ರೆ ತಾನೆ ಅದು ದುಡ್ಡಾಗೋದು” ಅಂದರು. ಅಷ್ಟು ಸರಳ.

ಅಲ್ಲಿ ಜಗ್ಗಾಡಲಿಲ್ಲ. ಜಗ್ಗಾಡಬಾರದು ಅಂತ ಎಲ್ಲೂ ಬರೆದಿಲ್ಲ, ಆದರೆ ಆಗಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಇದೇ ಯೋಚನೆ. ಗುಜರಿ ಯಜಮಾನರಿಗೂ ಹೊಟ್ಟೆ ಇದೆ. ಅವರ ಹತ್ತಿರ ಹತ್ತು ರೂಪಾಯಿ ಬಿಡಿಸಿಕೊಂಡರೆ ಜಾಣತನ, ಇಲ್ಲಿ ಬಿಡಿಸಿಕೊಂಡರೆ ಪಾಪ. ಈ ಲೆಕ್ಕ ನನಗೆ ಇನ್ನೂ ಸರಿಹೋಗಿಲ್ಲ.

ಹೊಲಿಯುವವರ ಕಣ್ಣಿಗೆ ಬಟ್ಟೆ ಬೇರೆ ಥರ ಕಾಣುತ್ತದೆ. ನಾನು ಮೊದಲು ಒಳಗನ್ನೇ ತಿರುಗಿಸುವುದು. ಹೊಲಿಗೆಯ ಆಚೆ ಒಂದು ಬೆರಳಿನಷ್ಟು ಬಟ್ಟೆ ಬಿಟ್ಟಿದ್ದಾರಾ? ಬಿಟ್ಟಿದ್ದರೆ ಬಿಚ್ಚಿ ದೊಡ್ಡದು ಮಾಡಬಹುದು. ಕಂಕುಳು, ಕಾಲರಿನ ಮಡಿಕೆ, ಪ್ಯಾಂಟಿನ ತೊಡೆಯ ಒಳಭಾಗ, ಸವೆಯುವುದು ಈ ಮೂರೇ ಕಡೆ. ಬೆಳಕಿಗೆ ಹಿಡಿದರೆ ತೆಳ್ಳಗಾದದ್ದು ಗೊತ್ತಾಗುತ್ತದೆ. ಜಿಪ್ಪು ಕೆಟ್ಟಿದ್ದರೆ ಹೆದರಲ್ಲ, ಗುಂಡಿ ಹೋಗಿದ್ದರೆ ಹೊಸದು ಹಾಕಿಕೊಂಡರಾಯಿತು. ಬಟ್ಟೆ ಕಾಟನ್ನಾ ಅಲ್ವಾ ಅನ್ನುವುದು ಅನುಮಾನ ಇದ್ದರೆ ಮನೆಗೆ ತಂದ ಮೇಲೆ ಒಳಗಿನ ಒಂದು ಎಳೆ ಕಿತ್ತು ಸುಟ್ಟು ನೋಡುತ್ತೇನೆ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ, ರೇಷ್ಮೆ ಕೂದಲು ಸುಟ್ಟ ವಾಸನೆ.

ರೇಷ್ಮೆ ಸೀರೆ ಮಾತ್ರ ಅಲ್ಲಿ ಒಂದೂ ಕಾಣಲಿಲ್ಲ. ಎಲ್ಲಿ ಬರಬೇಕು? ಹಳೇ ಜರಿಯಲ್ಲಿ ಬೆಳ್ಳಿ ಇರುತ್ತದೆ. ಅದಕ್ಕೆ ದುಡ್ಡು ಕೊಟ್ಟು ಒಯ್ಯುವವರು ಬೀದಿಗೇ ಬರುತ್ತಾರಲ್ಲ.

ನಾನು ತಂದದ್ದರಲ್ಲಿ ಉಡುವ ಬಟ್ಟೆ ಕಡಿಮೆ, ಕತ್ತರಿಸುವ ಬಟ್ಟೆ ಜಾಸ್ತಿ. ಒಂದು ಜೊತೆ ದಪ್ಪ ಕಾಟನ್ ಪರದೆ. ಅಗಲ ಎಷ್ಟಿತ್ತೆಂದರೆ ನಮ್ಮ ಎರಡು ಕಿಟಕಿಗೂ ಆಗಿ, ಉಳಿದದ್ದರಲ್ಲಿ ಹೊಲಿಗೆ ಮಿಷನ್ನಿಗೆ ಹೊದಿಕೆಯೂ ಆಯಿತು. ಡಬಲ್ ಬೆಡ್‌ಶೀಟು ಎರಡು. ಮಗನಿಗೆ ಒಂದು ಸ್ವೆಟರು. ನಮ್ಮ ಮನೆಯವರಿಗೆ ಎರಡು ಶರಟು, ಅದರಲ್ಲಿ ಒಂದಕ್ಕೆ ಅಂಗಡಿಯ ಹೊಸ ಲೇಬಲ್ ಕೂಡ ಕಿತ್ತಿರಲಿಲ್ಲ. ಎಲ್ಲಾ ಸೇರಿ 900 ಚಿಲ್ಲರೆ. ಅದೇ ಪರದೆ ಬಟ್ಟೆ ಮೀಟರ್ ಲೆಕ್ಕದಲ್ಲಿ ನಮ್ಮೂರಿನ ಎಂ.ಜಿ. ರಸ್ತೆಯಲ್ಲಿ ತಂದಿದ್ದರೆ ಪರದೆಗೇ ಅದಕ್ಕಿಂತ ಜಾಸ್ತಿ ಆಗುತ್ತಿತ್ತು.

ಮನೆಯಲ್ಲಿ ದೊಡ್ಡ ಮಾತುಕತೆ ಆಯಿತು. ಪಾತ್ರೆಗೆ ಹುಣಸೆಹುಳಿ ಇದೆ, ಬಟ್ಟೆಗೆ ಏನಿದೆ ಅಂದರು ಅತ್ತೆ. ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ, ಬಿಸಿಲಿಗೆ ಒಣಗಿಸಿದ್ದೇನೆ ಅಂದೆ. ಸಾಲಲಿಲ್ಲ. ಕೊನೆಗೆ ನನಗೆ ಹೊಳೆದದ್ದು ನಮ್ಮದೇ ಪದ್ಧತಿ. “ಅತ್ತೆ, ನಿಮ್ಮ ಮೊಮ್ಮಗ ಹುಟ್ಟಿದಾಗ ಮೊದಲು ಯಾವ ಬಟ್ಟೇಲಿ ಸುತ್ತಿದ್ರಿ?” ಅಂದೆ. ಮೆತ್ತಗಿರಲಿ, ಹಿರಿಯರ ಆಯಸ್ಸು ಬರಲಿ ಅಂತ ಹಳೇ ಪಂಚೆಯಲ್ಲೇ ಸುತ್ತಿದ್ದರು. ಹೊದೆಯುವ ಕೌದಿಯಂತೂ ಹತ್ತು ಜನರ ಹಳೇ ಸೀರೆ. “ಅವರೆಲ್ಲ ನಮ್ಮೋರು” ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪರದೆ, ಬೆಡ್‌ಶೀಟು ಒಳಗೆ ಬಂದವು. ಶರಟನ್ನು ನಮ್ಮ ಮನೆಯವರು ಕೆಲಸಕ್ಕೆ ಹಾಕಿಕೊಂಡು ಹೋಗಬಹುದು, ದೇವರ ಮನೆಗೆ ಬೇಡ ಅಂತ ತೀರ್ಮಾನ ಆಯಿತು. ಚಪ್ಪಲಿ, ಶೂ ನನಗೂ ಬೇಡ. ಅದು ಇನ್ನೊಬ್ಬರ ಕಾಲಿನ ಆಕಾರಕ್ಕೆ ಸವೆದಿರುತ್ತದೆ.

ತರುವುದು ಶುರುವಾದ ಮೇಲೆ ಕೊಡುವುದೂ ಶುರುವಾಯಿತು, ಜಾಗ ಎಲ್ಲಿದೆ? ಮೊದಲೆಲ್ಲ ಹಳೇ ಬಟ್ಟೆಗೆ ಪಾತ್ರೆ ಕೊಡುವವರು ಬಂದರೆ ಅತ್ತೆ ಗಂಟು ಬಿಚ್ಚುತ್ತಿದ್ದರು. ಐದು ಸೀರೆಗೆ ಒಂದು ತೆಳ್ಳನೆ ಬಟ್ಟಲು. ಗುಜರಿ ರೇಟು ಗೊತ್ತಾದ ಮೇಲೆ ಆ ಬಟ್ಟಲಿನ ಬೆಲೆ ಎಷ್ಟು ಅಂತ ನನಗೆ ಗೊತ್ತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಸ್ವಚ್ಛ ನಗರ ಅಭಿಯಾನದಲ್ಲಿ ಊರೂರಿನ ನಗರಾಡಳಿತಗಳು ಆರ್.ಆರ್.ಆರ್. (ಕಡಿಮೆ ಬಳಕೆ, ಮರುಬಳಕೆ, ಮರುಸಂಸ್ಕರಣೆ) ಕೇಂದ್ರ ಅಂತ ತೆರೆದಿದ್ದವು. ಬೇಡದ ಬಟ್ಟೆ, ಪುಸ್ತಕ, ಆಟಿಕೆ ಅಲ್ಲಿ ಇಡುವುದು, ಬೇಕಾದವರು ಒಯ್ಯುವುದು. ಆ ಯೋಚನೆ ನನಗೆ ಹಿಡಿಸಿತು. ಗೂಂಜ್ ಅನ್ನುವ ಸಂಸ್ಥೆಯ ಕ್ರಮ ಇನ್ನೂ ಚೆನ್ನಾಗಿದೆ. 1999ರಲ್ಲಿ ಅಂಶು ಗುಪ್ತಾ ಅವರು ಕಟ್ಟಿದ್ದು, 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಹಳ್ಳಿಯವರು ತಮ್ಮ ಊರಿಗೇ ಬಾವಿ ತೋಡಿಕೊಂಡರೆ, ದಾರಿ ಸರಿಮಾಡಿಕೊಂಡರೆ ಆ ದುಡಿಮೆಗೆ ಬಟ್ಟೆ ಕೊಡುತ್ತಾರೆ. ದಾನ ಅಂತ ಯಾರೂ ಕೈ ಚಾಚಬೇಕಿಲ್ಲ. ಅತ್ತೆ ಈಗಲೂ ಎರಡು ಸೀರೆ ಪಾತ್ರೆಯವರಿಗೆ ಅಂತ ಎತ್ತಿಟ್ಟುಕೊಳ್ಳುತ್ತಾರೆ. ಅವರಿಗೆ ಬಟ್ಟಲಿಗಿಂತ ಆ ಚೌಕಾಸಿ ಮುಖ್ಯ.

ಈಗ ‘ಇತರೆ’ ಸಾಲು ಮೊದಲಿದ್ದದ್ದರ ಅರ್ಧಕ್ಕೆ ಬಂದಿದೆ. ಗುಜರಿ ಕಡೆ ಹೋಗುವುದೂ ಕಡಿಮೆಯಾಗಿದೆ, ಚೀಟಿಯಲ್ಲಿ ಹೆಚ್ಚೇನೂ ಉಳಿದಿಲ್ಲ. ಒಂದು ಕುಕ್ಕರ್ ಇದೆ, ಅದನ್ನು ಐ.ಎಸ್.ಐ. ಗುರುತು ನೋಡಿ ಹೊಸದೇ ತರುತ್ತೇವೆ. ಪುಸ್ತಕದ ಕಪಾಟು ಇದೆ, ಅದಕ್ಕೆ ಎಸ್.ಐ.ಟಿ. ಹುಡುಗರ ಪರೀಕ್ಷೆ ಮುಗಿಯಬೇಕು. ಇನ್ನೊಂದು ತಟ್ಟೆ ಇಡ್ಲಿ ಸ್ಟ್ಯಾಂಡು. ಕ್ಯಾತಸಂದ್ರದಲ್ಲಿ ತಿಂದದ್ದನ್ನು ಮನೆಯಲ್ಲೇ ಮಾಡಬೇಕು ಅಂತ ಮಗ ಬರೆದದ್ದು. ಅದು ಎಷ್ಟು ಸಂಬಳ ಕಳೆದರೂ ಅಳಿಸಿಹೋಗಿಲ್ಲ. ಗುಜರಿ ಯಜಮಾನರಿಗೆ ಹೇಳಿಟ್ಟಿದ್ದೇನೆ. “ಈ ಊರಲ್ಲಿ ಅದೊಂದನ್ನ ಮಾತ್ರ ಯಾರೂ ಗುಜರಿಗೆ ಹಾಕಲ್ಲ ಕಣಮ್ಮ” ಅಂದರು.